ಅಂಗಳದಿಂದ ಚಂದ್ರನ ಚಿತ್ರ

(ಬಾನುಲಿ ಭಾಷಣ)

ನಮ್ಮ ಬಯಲುಸೀಮೆಯಲ್ಲಿ ನೆಲವನ್ನು ಅಗೆಯುವುದೆಂದರೆ ಬಹುಮಟ್ಟಿಗೆ ನೀರಿಗಾಗಿ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಮಾತ್ರ ಚಂದ್ರನಿಗಾಗಿ ನೆಲವನ್ನು ಅಗೆದರು. ಚಂದ್ರಯಾನದ ಇಳಿಗೂಡು ಚಂದ್ರನ ನೆಲದ ಹಳ್ಳತಿಟ್ಟುಗಳನ್ನು ತಾನೇ ಗುರುತಿಸಿ, ಸಮನಾದ ಜಾಗವೊಂದನ್ನು ಆರಿಸಿಕೊಂಡು ಇಳಿಯಬೇಕಾಗಿತ್ತು. ಅದರ ಕಣ್ಣುಗಳನ್ನು ಪರೀಕ್ಷಿಸುವ ಸಲುವಾಗಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಈ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ಮಾಡಿಸಿ, ಉಪಕರಣಗಳನ್ನು ಹೊತ್ತ ವಿಮಾನವನ್ನು ಅವುಗಳ ಮೇಲೆ ಹಾರಿಸಿ ನೋಡಿದರು. ಒಂದೊಂದು ಗುಂಡಿಯ ಅಗಲ ಸುಮಾರು 10 ಮೀಟರು, ಆಳ ಸುಮಾರು 3 ಮೀಟರು.

2019ರ ಸೆಪ್ಟೆಂಬರ್ 7ರಂದು ಮೊದಲನೆಯ ವಿಕ್ರಮ ಇಳಿಗೂಡಿನ ಪ್ರಯತ್ನ ಕೈಗೂಡಲಿಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಎರಡನೆಯದು ಚಂದ್ರನ ದಕ್ಷಿಣ ಭಾಗದಲ್ಲಿ ಸುಖವಾಗಿ ಇಳಿಯಿತು. ಆ ಸಂಜೆ ನಾಡಿನ ಮನೆಮನೆಗಳಲ್ಲಿ ಜನ ಟಿ.ವಿ.ಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದರು. ಅಂದು ಶುಕ್ಲಪಕ್ಷದ ಸಪ್ತಮಿ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಚಂದ್ರನು ಮಧ್ಯಾಹ್ನರೇಖೆಯನ್ನು ಆಗತಾನೆ ದಾಟಿ, ದಕ್ಷಿಣದ ಆಕಾಶದಲ್ಲಿ ಎತ್ತರವಾಗಿ, ನಮ್ಮ ಮಾಳಿಗೆಗಳ ಮೇಲೆಯೇ ನಿಂತಿದ್ದನು. ಟಿ.ವಿ.ಯನ್ನು ನೋಡಿದವರು ಕೋಟಿ ಕೋಟಿ. ಹೊಸಿಲು ದಾಟಿ ಅಂಗಳಕ್ಕೆ ಬಂದು ತಲೆಯೆತ್ತಿದವರು ಎಷ್ಟು ಮಂದಿಯೊ!

ಶ್ರೋತೃಗಳೆ, ಈ ಹೊತ್ತಿನ ಮಾತು ಹೀಗೆ ಅಂಗಳಕ್ಕೆ ಬರುವವರಿಗಾಗಿ. ಚಿಕ್ಕದೊಂದು ದೂರದರ್ಶಕ, ಮನೆಯಲ್ಲಿರುವ ಮೊಬೈಲ್ ಫೋನು, ಸ್ವಲ್ಪ ಸಹನೆ, ಇಷ್ಟಿದ್ದರೆ ಚಂದ್ರನ ಮತ್ತು ಗ್ರಹಗಳ ಛಾಯಾಚಿತ್ರಗಳನ್ನು ಚಳ್ಳಕೆರೆಯ ಪೇಟೆಬೀದಿಯಿಂದಲೂ ಮೊಳಕಾಲ್ಮೂರಿನ ನೇಕಾರರ ಕೇರಿಯಿಂದಲೂ ತೆಗೆಯಬಹುದು. ಇದು ಕೇವಲ ವಿನೋದವಾಗಿದ್ದರೆ ನಿಮ್ಮ ಹೊತ್ತನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಸೀಮೆಯ ವಿಚಾರವಾಗಿ ಇದರಲ್ಲಿ ಒಂದು ಮಾತು ಅಡಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಚಳ್ಳಕೆರೆಯ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಇಂದು ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಸಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಮಂದಿರದ ಎರಡನೆಯ ಆವರಣವಿದೆ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ವಲಯವಿದೆ. ಬಾಹ್ಯಾಕಾಶ ಸಂಸ್ಥೆಗೂ ಭಾಭಾ ಪರಮಾಣು ಕೇಂದ್ರಕ್ಕೂ ಜಮೀನು ದೊರೆತಿದೆ. ಎಲ್ಲ ಸೇರಿದರೆ ಎಂಟು ಸಾವಿರ ಎಕರೆಗೂ ಮಿಗಿಲು. ಪುಷ್ಪಕವೆಂಬ ಮರುಬಳಕೆಯ ವಾಹನ ಆಕಾಶದಿಂದ ತಾನಾಗಿ ಇಳಿಯುವ ಪರೀಕ್ಷೆಗಳು ನಡೆದುದು ಇಲ್ಲಿಯ ಓಡುದಾರಿಯ ಮೇಲೆಯೇ. ಮೊದಲನೆಯದು 2023ರ ಏಪ್ರಿಲ್ 2ರಂದು, ಮುಂದಿನವೆರಡು 2024ರಲ್ಲಿ. ಇದು ಹೆಮ್ಮೆಯ ವಿಷಯ. ಆದರೆ ತಲೆಮಾರುಗಳಿಂದ ಆ ಹುಲ್ಲುಗಾವಲಿನಲ್ಲಿ ದನ ಕುರಿ ಮೇಯಿಸಿದವರಿಗೆ ಅಲ್ಲಿ ಬೇಲಿ ಎದ್ದಿತು. ಆ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬೇಲಿಯೊಳಗೆ ನಡೆಯುವ ವಿಜ್ಞಾನ ಹೊರಗಿನ ಹುಡುಗನಿಗೆ ವೃತ್ತಪತ್ರಿಕೆಯ ಸುದ್ದಿಯಾಗಿ ಮಾತ್ರ ಉಳಿದರೆ ಅದು ನಮಗಾಗುವ ನಷ್ಟ. ಚಂದ್ರನಿಗೆ ಬೇಲಿಯಿಲ್ಲ. ಯಾವ ಚಂದ್ರನ ಪ್ರತಿರೂಪವನ್ನು ಆ ಕಾವಲಿನಲ್ಲಿ ಅಗೆದರೋ ಆ ಚಂದ್ರನೇ ಪ್ರತಿ ತಿಂಗಳೂ ನಮ್ಮ ಅಂಗಳಕ್ಕೆ ಬರುತ್ತಾನೆ. ಅವನನ್ನು ನೋಡಿ, ಚಿತ್ರ ತೆಗೆದು, ತಾರೀಖು ಬರೆದಿಟ್ಟುಕೊಳ್ಳುವ ಮಗು ವಿಜ್ಞಾನದ ಪ್ರೇಕ್ಷಕನಾಗಿ ಉಳಿಯದೆ ಅದರಲ್ಲಿ ಪಾಲುದಾರನಾಗುತ್ತದೆ.

ಇನ್ನು ಸಲಕರಣೆಗಳ ವಿಚಾರ. ದೂರದರ್ಶಕಗಳಲ್ಲಿ ಎರಡು ಬಗೆ: ಮುಂದೆ ಮಸೂರವಿರುವುದು, ಹಿಂದೆ ನಿಮ್ನ ದರ್ಪಣವಿರುವುದು. ಮಸೂರ ಅಥವಾ ದರ್ಪಣದ ಅಗಲ 10 ಸೆಂಟಿಮೀಟರಿನಿಂದ 15 ಸೆಂಟಿಮೀಟರಿನವರೆಗೆ, ಅಂದರೆ ನಾಲ್ಕರಿಂದ ಆರು ಅಂಗುಲ ಇದ್ದರೆ ನಮ್ಮ ಕೆಲಸಕ್ಕೆ ಧಾರಾಳವಾಯಿತು. ಪೆಟ್ಟಿಗೆಯ ಮೇಲೆ "ಐನೂರು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ" ಎಂದು ಬರೆದಿರುವುದನ್ನು ನೋಡಿ ಮರುಳಾಗಬಾರದು. ದೂರದರ್ಶಕದ ಶಕ್ತಿ ಅಗಲದಲ್ಲಿದೆ, ಹಿಗ್ಗಿಸುವುದರಲ್ಲಿಲ್ಲ. ಎರಡನೆಯದು, ಅದನ್ನು ಹೊರುವ ಕಾಲುಗಳು. ಸಣಕಲು ಮುಕ್ಕಾಲಿಯ ಮೇಲೆ ಕೂರಿಸಿದ ಒಳ್ಳೆಯ ದೂರದರ್ಶಕಕ್ಕಿಂತ ಗಟ್ಟಿಯಾದ ಪೀಠದ ಮೇಲಿನ ಸಾಧಾರಣ ದೂರದರ್ಶಕ ಮೇಲು. ದರ್ಪಣದ ಕೊಳವೆಯನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಎಡಬಲಕ್ಕೂ ಮೇಲುಕೆಳಕ್ಕೂ ತಿರುಗಿಸುವ ಸರಳ ಪೀಠವೊಂದನ್ನು ಅಮೆರಿಕದ ಜಾನ್ ಡಾಬ್ಸನ್ ಬಳಕೆಗೆ ತಂದರು. ಅದನ್ನು ನಮ್ಮೂರಿನ ಬಡಗಿಯೇ ಮಾಡಿಕೊಟ್ಟಾನು. ದರ್ಪಣವನ್ನು ಸ್ವತಃ ಉಜ್ಜಿ ತಯಾರಿಸಿಕೊಂಡ ಹವ್ಯಾಸಿಗಳೂ ನಮ್ಮ ನಾಡಿನಲ್ಲಿದ್ದಾರೆ. ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರು ಆ ವಿದ್ಯೆಯನ್ನು ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ.

ದೂರದರ್ಶಕ ಬಂದ ಮೇಲೆ ಒಂದು ಎಚ್ಚರಿಕೆ. ಅದನ್ನು ಯಾವ ಕಾರಣಕ್ಕೂ ಸೂರ್ಯನ ಕಡೆಗೆ ತಿರುಗಿಸಕೂಡದು. ಸೂರ್ಯನಿಗಾಗಿಯೇ ಮಾಡಿದ ಶೋಧಕವನ್ನು ಮುಂಭಾಗಕ್ಕೆ ಬಿಗಿಯದೆ ಒಂದು ಕ್ಷಣ ನೋಡಿದರೂ ಕಣ್ಣು ಹೋದೀತು. ಹಗಲಿನಲ್ಲಿ ದೂರದರ್ಶಕಕ್ಕೆ ಮುಚ್ಚಳ ಹಾಕಿಡುವುದು ಮಕ್ಕಳಿರುವ ಮನೆಯ ಧರ್ಮ.

ಈಗ ಚಂದ್ರನ ಹತ್ತಿರ ಹೋಗೋಣ. ಎಲ್ಲರ ಆಸೆಯೂ ಮೊದಲು ಹುಣ್ಣಿಮೆಯ ಮೇಲೆ. ಆದರೆ ಚಿತ್ರ ತೆಗೆಯುವವನಿಗೆ ಹುಣ್ಣಿಮೆ ಅಷ್ಟೇನೂ ಒಳ್ಳೆಯ ದಿನವಲ್ಲ. ಇದನ್ನು ತಿಳಿಯಲು ಮೊಳಕಾಲ್ಮೂರು ತಾಲ್ಲೂಕಿನ ಕಲ್ಲುಗಳನ್ನೇ ನೆನೆಯಬಹುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಸವೆದ ಶಾಸನವನ್ನು ಓದುವವರು ಬೆಳಕನ್ನು ಕಲ್ಲಿಗೆ ಎದುರಾಗಿ ಹಿಡಿಯುವುದಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿಯುತ್ತಾರೆ. ಆಗ ಕೊರೆದ ಗೆರೆಯ ಒಂದು ಅಂಚು ಹೊಳೆದು ಇನ್ನೊಂದು ಅಂಚಿನಲ್ಲಿ ನೆರಳು ನಿಂತು, ಕಾಣದಿದ್ದ ಅಕ್ಷರ ಎದ್ದುಬರುತ್ತದೆ. ಚಂದ್ರನ ಮೇಲೆಯೂ ಇದೇ ನ್ಯಾಯ. ಹುಣ್ಣಿಮೆಯಂದು ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ. ಚಂದ್ರನ ಮೇಲೆ ನೆರಳೇ ಕಾಣುವುದಿಲ್ಲ. ಬೆಟ್ಟ ಕುಳಿಗಳೆಲ್ಲ ಸಪಾಟಾಗಿ ತೋರುತ್ತವೆ. ಅರ್ಧಚಂದ್ರನಲ್ಲಿ ಬೆಳಕೂ ಕತ್ತಲೆಯೂ ಕೂಡುವ ಗೆರೆಯ ಉದ್ದಕ್ಕೂ ಸೂರ್ಯೋದಯವಾಗುತ್ತಿರುತ್ತದೆ. ಅಲ್ಲಿ ಒಂದು ಸಣ್ಣ ಗುಡ್ಡವೂ ಹತ್ತಾರು ಕಿಲೋಮೀಟರು ನೆರಳನ್ನು ಚಾಚುತ್ತದೆ.

ಆದಕಾರಣ ಚಂದ್ರನ ಚಿತ್ರಕ್ಕೆ ಒಳ್ಳೆಯ ಮಾರ್ಗದರ್ಶಿ ಯಾವುದೆಂದರೆ, ಅಡಿಗೆಮನೆಯ ಗೋಡೆಯ ಮೇಲೆ ತೂಗುವ ಪಂಚಾಂಗದ ಕ್ಯಾಲೆಂಡರು. ಬೆಳಕಿನ ಗೆರೆ ದಿನಕ್ಕೆ ಸುಮಾರು 12 ಡಿಗ್ರಿ ಸರಿಯುತ್ತದೆ. ತಿಥಿಯೂ ಹೆಚ್ಚು ಕಡಮೆ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಶುಕ್ಲಪಕ್ಷದ ಷಷ್ಠಿಯ ಹೊತ್ತಿಗೆ ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ ಎಂಬ ಮೂರು ದೊಡ್ಡ ಕುಳಿಗಳು ಒಂದರ ಪಕ್ಕದಲ್ಲೊಂದು ಬೆಳಗಾಗುತ್ತವೆ. ಅಷ್ಟಮಿಗೆ ಚಂದ್ರಬಿಂಬದ ನಡುವೆ ಟಾಲೆಮಿಯಸ್ ಮತ್ತು ಅದರ ಇಬ್ಬರು ಸಂಗಡಿಗರು. ನವಮಿಗೆ ದಕ್ಷಿಣದಲ್ಲಿ 85 ಕಿಲೋಮೀಟರು ಅಗಲದ ಟೈಕೊ, ಅದರ ಕೆಳಗೆ ಇನ್ನೂರು ಕಿಲೋಮೀಟರಿಗೂ ಮೀರಿದ ಕ್ಲೇವಿಯಸ್. ದಶಮಿಗೆ 93 ಕಿಲೋಮೀಟರು ಅಗಲದ ಕೋಪರ್ನಿಕಸ್. ಅದರ ಒಳಗೋಡೆಯ ಮೆಟ್ಟಿಲುಗಳನ್ನು ನಾಲ್ಕಂಗುಲದ ದೂರದರ್ಶಕದಲ್ಲೇ ಕಾಣಬಹುದು. ಚಂದ್ರನ ಚಲನೆಯಲ್ಲಿ ತುಸು ಓಲಾಟವಿರುವುದರಿಂದ ಒಂದು ದಿನದ ಹಿಂದುಮುಂದು ಆದೀತು.

ವಿಕ್ರಮ ಇಳಿದ ಜಾಗವನ್ನೂ ಹೀಗೆಯೇ ಹುಡುಕಬಹುದು. ಷಷ್ಠಿ ಅಥವಾ ಸಪ್ತಮಿಯ ಸಂಜೆ ಚಂದ್ರನ ಎರಡು ಕೊಂಬುಗಳನ್ನು ನೋಡಿರಿ. ಕುಳಿಗಳು ಒಂದರ ಮೇಲೊಂದು ಕಿಕ್ಕಿರಿದಿರುವ ಕೊಂಬೇ ದಕ್ಷಿಣದ್ದು. ಆ ತುದಿಗೆ ಹತ್ತಿರದಲ್ಲಿ, ಬೆಳಕಿನ ಗೆರೆಯ ಸಮೀಪದಲ್ಲಿ ಮಾಂಜಿನಸ್ ಎಂಬ ಸುಮಾರು 98 ಕಿಲೋಮೀಟರು ಅಗಲದ ಕುಳಿಯಿದೆ. ನಾವು ಓರೆಯಾಗಿ ನೋಡುವುದರಿಂದ ಅದು ದುಂಡಗಿರದೆ ಮೊಟ್ಟೆಯಂತೆ ಕಾಣುತ್ತದೆ. ಅದಕ್ಕೂ, ಚಂದ್ರನ ಅಂಚಿನತ್ತ ಇರುವ ಬೊಗುಸ್ಲಾವ್ಸ್ಕಿ ಎಂಬ ಇನ್ನೊಂದು ಕುಳಿಗೂ ನಡುವಣ ಬಯಲಿನಲ್ಲಿ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಆ ಸಪ್ತಮಿಯ ಸಂಜೆ ನಮ್ಮ ಇಳಿಗೂಡು ಕಾಲೂರಿತು. ಅಲ್ಲಿ ಆಗ ಎಳೆಬಿಸಿಲು. ಚಂದ್ರನ ಒಂದು ಹಗಲು ನಮ್ಮ ಹದಿನಾಲ್ಕು ದಿನ; ಇಡೀ ಹಗಲಿನ ಬಿಸಿಲು ದೊರೆಯಲಿ ಎಂದೇ ಬೆಳಗಿನ ಹೊತ್ತನ್ನು ಆರಿಸಿಕೊಂಡದ್ದು. ಇಳಿಗೂಡು ಕಾಣುತ್ತದೆಯೆ ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಲೆಕ್ಕ ಹಾಕಿ ಹೇಳಬಹುದು. ನಾಲ್ಕಂಗುಲದ ದೂರದರ್ಶಕಕ್ಕೆ ಚಂದ್ರನ ಮೇಲೆ ಸುಮಾರು 2 ಕಿಲೋಮೀಟರು ಅಂತರದ ಎರಡು ಗುರುತುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಉಳ್ಳಾರ್ತಿಯ 10 ಮೀಟರಿನ ಗುಂಡಿಯನ್ನು ಚಂದ್ರನ ಮೇಲೆ ಒಯ್ದಿಟ್ಟರೆ ಅದು ಈ ಅಳತೆಯ ಇನ್ನೂರರಲ್ಲಿ ಒಂದು ಪಾಲು. ಇಳಿಗೂಡು ಅದಕ್ಕಿಂತಲೂ ಚಿಕ್ಕದು. ಕಾಣುವುದು ಜಾಗ ಮಾತ್ರ. ಬೆಟ್ಟದ ಮೇಲೆ ನಿಂತು ದೂರದ ನಮ್ಮೂರನ್ನು ತೋರಿಸುವಾಗ ನಮ್ಮ ಮನೆಯೇನೂ ಕಾಣುವುದಿಲ್ಲವಲ್ಲ. ಆದರೂ ಬೆರಳು ಮಾಡಿ ತೋರಿಸುತ್ತೇವೆ.

ಚಿತ್ರ ತೆಗೆಯುವ ಕ್ರಮ ಹೀಗೆ. ಮೊದಲು ಕಡಿಮೆ ಹಿಗ್ಗಿಸುವ ನೇತ್ರಮಸೂರವನ್ನು ಹಾಕಬೇಕು. ದೂರದರ್ಶಕದ ಸಂಗಮದೂರವನ್ನು ನೇತ್ರಮಸೂರದ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಹಿಗ್ಗುತ್ತದೆಂದು ತಿಳಿಯುತ್ತದೆ: 900 ಮಿಲಿಮೀಟರಿನ ದೂರದರ್ಶಕಕ್ಕೆ 25 ಮಿಲಿಮೀಟರಿನ ನೇತ್ರಮಸೂರ ಹಾಕಿದರೆ 36 ಪಟ್ಟು. ಇಡೀ ಚಂದ್ರ ಅದರಲ್ಲಿ ಹಿಡಿಸುತ್ತಾನೆ. ಕಣ್ಣಿಟ್ಟು ನೋಡಿ, ಬಿಂಬ ಚೂಪಾಗುವವರೆಗೆ ತಿರುಪನ್ನು ತಿರುಗಿಸಬೇಕು. ಬಳಿಕ ಕಣ್ಣಿನ ಜಾಗಕ್ಕೆ ಫೋನಿನ ಮಸೂರವನ್ನು ತರಬೇಕು. ಕೈಯಲ್ಲಿ ಹಿಡಿದೂ ತೆಗೆಯಬಹುದು. ಫೋನನ್ನು ನೇತ್ರಮಸೂರಕ್ಕೆ ಬಿಗಿಯುವ ಹಿಡಿಕೆ ಅಂಗಡಿಯಲ್ಲಿ ಸಿಕ್ಕುತ್ತದೆ, ಅದಿದ್ದರೆ ಅರ್ಧ ಕಷ್ಟ ಕಳೆಯಿತು. ಫೋನಿನ ಪರದೆಯ ಮೇಲೆ ಚಂದ್ರನನ್ನು ಮುಟ್ಟಿ ಬೆಳಕನ್ನು ತಗ್ಗಿಸಬೇಕು. ಇಲ್ಲವಾದರೆ ಸುತ್ತಲಿನ ಕತ್ತಲನ್ನು ಕಂಡ ಫೋನು ಚಂದ್ರನನ್ನು ಬೆಳ್ಳಗಿನ ಹಪ್ಪಳ ಮಾಡಿಬಿಡುತ್ತದೆ. ಗುಂಡಿ ಒತ್ತಿದ ಎರಡು ಮೂರು ಸೆಕೆಂಡುಗಳ ಮೇಲೆ ಚಿತ್ರ ತೆಗೆಯುವ ಏರ್ಪಾಡು ಎಲ್ಲ ಫೋನುಗಳಲ್ಲೂ ಇದೆ. ಬೆರಳಿನ ಅದುರು ಅಷ್ಟರಲ್ಲಿ ಅಡಗುತ್ತದೆ. ಫೋನಿನಲ್ಲೇ ಹಿಗ್ಗಿಸುವ ಗೋಜಿಗೆ ಹೋಗಬಾರದು. ಒಂದಲ್ಲ, ಇಪ್ಪತ್ತು ತೆಗೆದು ಒಂದನ್ನು ಉಳಿಸಿಕೊಳ್ಳಬೇಕು.

ಬೇರೆ ಕ್ಯಾಮೆರಾ ಉಳ್ಳವರು ಅದರ ಮಸೂರವನ್ನು ಕಳಚಿ ನೇರವಾಗಿ ದೂರದರ್ಶಕಕ್ಕೆ ಜೋಡಿಸಬಹುದು. ಆಗ ಚಂದ್ರಬಿಂಬದ ಅಗಲ ಸಂಗಮದೂರದ ಸುಮಾರು 110ರಲ್ಲಿ ಒಂದು ಪಾಲು. 900 ಮಿಲಿಮೀಟರಿನ ದೂರದರ್ಶಕದಲ್ಲಿ 8 ಮಿಲಿಮೀಟರು. ಎಷ್ಟು ಹೊತ್ತು ಬೆಳಕು ಬಿಡಬೇಕೆಂಬುದಕ್ಕೆ ಹಳೆಯ ಛಾಯಾಗ್ರಾಹಕರ ಸೂತ್ರವೊಂದಿದೆ: ಎಫ್ 11ರಲ್ಲಿ, 100ರ ವೇಗಕ್ಕೆ, ಪೂರ್ಣಚಂದ್ರನಿಗೆ ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲು. ಇರುಳಿನ ವಸ್ತುವಿಗೆ ಇಷ್ಟು ಕಡಿಮೆಯೆ ಎಂದು ಆಶ್ಚರ್ಯಪಡಬೇಕಾಗಿಲ್ಲ. ಚಂದ್ರನಲ್ಲಿ ನಾವು ನೋಡುವುದು ನಡುಹಗಲಿನ ಬಿಸಿಲಿನಲ್ಲಿ ಬಿದ್ದಿರುವ ಕಲ್ಲು. ಬೆಳ್ದಿಂಗಳನ್ನು ಹಾಲಿಗೆ ಹೋಲಿಸಿದ ಕವಿಗಳು ಕ್ಷಮಿಸಬೇಕು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಂಟನೆಯ ಒಂದು ಪಾಲನ್ನಷ್ಟೇ ಹಿಂದಿರುಗಿಸುವ ಆ ನೆಲ ವಾಸ್ತವವಾಗಿ ಡಾಂಬರು ರಸ್ತೆಯಂತೆ ಮಸಿಬಣ್ಣದ್ದು. ಅರ್ಧಚಂದ್ರನ ಒಟ್ಟು ಬೆಳಕು ಹುಣ್ಣಿಮೆಯ ಅರ್ಧವೂ ಅಲ್ಲ, ಸುಮಾರು ಹತ್ತರಲ್ಲೊಂದು. ಆದುದರಿಂದ ಅಷ್ಟಮಿಯಂದು ಸ್ವಲ್ಪ ಹೆಚ್ಚು ಹೊತ್ತು ಬಿಡಬೇಕು. 1840ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜಾನ್ ವಿಲಿಯಂ ಡ್ರೇಪರ್ ಎಂಬ ರಸಾಯನಶಾಸ್ತ್ರಜ್ಞರು ಚಂದ್ರನ ಚಿತ್ರವೊಂದನ್ನು ಬೆಳ್ಳಿಯ ತಗಡಿನ ಮೇಲೆ ಹಿಡಿಯಲು ಇಪ್ಪತ್ತು ನಿಮಿಷ ಕಾಯಬೇಕಾಯಿತು. ನಮಗೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ.

ಹುಣ್ಣಿಮೆಗೂ ಒಂದು ಸುದಿನವಿದೆ, ಅದು ಗ್ರಹಣ. 2025ರ ಸೆಪ್ಟೆಂಬರ್ 7ರ ರಾತ್ರಿ 11 ಗಂಟೆಯಿಂದ 82 ನಿಮಿಷಗಳ ಕಾಲ ಚಂದ್ರನು ಪೂರ್ಣವಾಗಿ ಭೂಮಿಯ ನೆರಳಿನಲ್ಲಿದ್ದನು. ಅಂಥ ಹೊತ್ತಿನಲ್ಲಿ ಭೂಮಿಯ ವಾಯುಮಂಡಲದಲ್ಲಿ ಬಾಗಿ ಬಂದ ಕೆಂಬೆಳಕು ಮಾತ್ರ ಅವನನ್ನು ತಲುಪಿ, ಅವನು ತಾಮ್ರದ ಬಣ್ಣ ತಾಳುತ್ತಾನೆ. ಆಗ ನೂರರಲ್ಲೊಂದು ಸೆಕೆಂಡು ಸಾಲದು. ಒಂದು ಸೆಕೆಂಡೊ ಎರಡೊ ಬೇಕಾದೀತು. ಆದರೆ ಭೂಮಿ ತಿರುಗುತ್ತಿರುವ ಕಾರಣ ಆಕಾಶ ಸೆಕೆಂಡಿಗೆ 15 ವಿಕಲೆಯಷ್ಟು ಸರಿಯುತ್ತದೆ. ವಿಕಲೆಯೆಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು. ಎರಡು ನಿಮಿಷದಲ್ಲಿ ಚಂದ್ರ ತನ್ನ ಅಗಲದಷ್ಟು ಜರುಗಿಬಿಡುತ್ತಾನೆ. ಆದುದರಿಂದ ಗ್ರಹಣದ ಚಿತ್ರಕ್ಕೆ ಕಡಿಮೆ ಹಿಗ್ಗಿಸುವ ಮಸೂರವೇ ಸರಿ.

ಗ್ರಹಗಳ ವಿಚಾರ ಬೇರೆ. ಅವು ಬಲು ಸಣ್ಣ ಬಿಂಬಗಳು. ಗುರುಗ್ರಹ ನಮಗೆ ಅತಿ ಸಮೀಪ ಬಂದಾಗಲೂ ಅದರ ಅಗಲ 50 ವಿಕಲೆ. ಅಂಥ 37 ಗುರುಗಳನ್ನು ಸಾಲಾಗಿ ಇಟ್ಟರೆ ಚಂದ್ರನ ಅಗಲ ತುಂಬೀತು. ಇಲ್ಲಿ ನಮ್ಮ ಶತ್ರು ಗಾಳಿ. ಬಿಸಿಗಾಳಿ ತಂಗಾಳಿಗಳು ಒಂದರೊಳಗೊಂದು ಕಲಸುವಾಗ ಬಿಂಬ ಕುದಿಯುವ ನೀರಿನ ತಳದಲ್ಲಿಟ್ಟ ನಾಣ್ಯದಂತೆ ನಡುಗುತ್ತದೆ. ಆದರೆ ನಡುನಡುವೆ, ಕ್ಷಣಾರ್ಧದಷ್ಟು ಹೊತ್ತು, ಗಾಳಿ ನಿಲ್ಲುತ್ತದೆ. ಬಿಂಬ ಕಲ್ಲಿನಲ್ಲಿ ಕೊರೆದಂತೆ ನಿಚ್ಚಳವಾಗುತ್ತದೆ. ಫಿಲ್ಮಿನ ಕಾಲದಲ್ಲಿ ಆ ಮುಹೂರ್ತಕ್ಕೆ ಸರಿಯಾಗಿ ಗುಂಡಿ ಒತ್ತುವುದು ಅದೃಷ್ಟದ ಮಾತಾಗಿತ್ತು. ಈಗ ಅದೃಷ್ಟವನ್ನು ಎಣಿಸಿ ಆರಿಸಬಹುದು. ಫೋನಿನಲ್ಲೋ ಇದಕ್ಕೆಂದೇ ಮಾಡಿದ ಪುಟ್ಟ ಕ್ಯಾಮೆರಾದಲ್ಲೋ ಒಂದು ನಿಮಿಷದ ಚಲಚ್ಚಿತ್ರ ತೆಗೆದರೆ, ಸೆಕೆಂಡಿಗೆ 30ರಂತೆ 1,800 ಚಿತ್ರಗಳು ಸಿಕ್ಕುತ್ತವೆ. ಆಟೋಸ್ಟಾಕರ್ಟ್, ರೆಜಿಸ್ಟಾಕ್ಸ್ ಮುಂತಾದ ಉಚಿತ ತಂತ್ರಾಂಶಗಳು ಅವುಗಳಲ್ಲಿ ನಿಚ್ಚಳವಾದ ಇನ್ನೂರು ಮುನ್ನೂರನ್ನು ಆರಿಸಿ, ಒಂದರ ಮೇಲೊಂದು ಸರಿಯಾಗಿ ಕೂಡಿಸುತ್ತವೆ. ನೂರು ಚಿತ್ರಗಳನ್ನು ಕೂಡಿಸಿದರೆ ಚಿತ್ರದಲ್ಲಿನ ಮರಳುಮರಳಾದ ಕಲಬೆರಕೆ ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ಮೊಳಕಾಲ್ಮೂರಿನ ಮಗ್ಗದ ಮೇಲೆ ಒಂದೊಂದೇ ಎಳೆಗೆ ಯಾವ ಚಿತ್ತಾರವೂ ಇಲ್ಲ. ಸಾವಿರ ಎಳೆ ಕೂಡಿದ ಮೇಲೆ ಸೆರಗಿನಲ್ಲಿ ಬುಟ್ಟಾ ಮೂಡುತ್ತದೆ. ಇದೂ ಅಂಥದೇ ಕಸುಬು.

ಗುರುವಿನ ಚಲಚ್ಚಿತ್ರವನ್ನು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ತೆಗೆಯಬಾರದು. ಆ ದೈತ್ಯಗ್ರಹ ಹತ್ತು ಗಂಟೆಗೂ ಕಡಿಮೆ ಕಾಲದಲ್ಲಿ ಒಂದು ಸುತ್ತು ತಿರುಗುವುದರಿಂದ ಅದರ ಮೇಲಿನ ಗುರುತುಗಳು ಸರಿದು ಮಸುಕಾಗುತ್ತವೆ. ಎರಡು ಕಂದು ಪಟ್ಟೆಗಳು ಮೊದಲ ರಾತ್ರಿಯೇ ಸಿಕ್ಕಾವು. ಕೆಂಪು ಮಚ್ಚೆಗೆ ತಾಳ್ಮೆ ಬೇಕು. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳಿಗಾಗಿ ಬೆಳಕನ್ನು ಹೆಚ್ಚಿಸಿ ಬೇರೊಂದು ಚಿತ್ರ ತೆಗೆಯಬೇಕು. ಮರುದಿನ ಮತ್ತೆ ತೆಗೆದರೆ ಅವು ಜಾಗ ಬದಲಾಯಿಸಿರುವುದನ್ನು ಮನೆಯ ಮಕ್ಕಳೇ ಕಂಡುಹಿಡಿಯುತ್ತಾರೆ. ಗುರುವಿನ ಮೇಲೆ ಬೀಳುವ ಬಿಸಿಲು ನಮ್ಮ ಬಿಸಿಲಿನ 27ರಲ್ಲಿ ಒಂದು ಪಾಲು. ಶನಿಯ ಮೇಲೆ ಸುಮಾರು 90ರಲ್ಲಿ ಒಂದು. ಶನಿಯ ಚಿತ್ರಕ್ಕೆ ಆ ಲೆಕ್ಕದಲ್ಲಿ ಹೆಚ್ಚು ಹೊತ್ತು ಬೆಳಕು ಬಿಡಬೇಕಾಗುತ್ತದೆ. ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ಕೇವಲ ಅಂಚನ್ನು ತೋರಿದವು. ಅಲ್ಲಿಂದ ವರ್ಷ ವರ್ಷವೂ ತುಸು ತುಸುವಾಗಿ ಬಿಚ್ಚಿಕೊಂಡು 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತವೆ. ವರ್ಷಕ್ಕೊಂದು ಶನಿಯ ಚಿತ್ರ ತೆಗೆದಿಟ್ಟುಕೊಂಡ ಮನೆಯಲ್ಲಿ ಆಗ ಎಂಥ ಮಾಲೆ ಸಿದ್ಧವಾದೀತು, ಯೋಚಿಸಿರಿ. ಶುಕ್ರನನ್ನು ಮುಸ್ಸಂಜೆಯ ಬೆಳಕಿನಲ್ಲೇ ತೆಗೆಯುವುದು ಲೇಸು. ಅದು ಚಂದ್ರನಂತೆ ಹೆಚ್ಚುಕಡಮೆಯಾಗುತ್ತ, ನಮಗೆ ಹತ್ತಿರವಾದಾಗ ದೊಡ್ಡ ಬಿದಿಗೆಯ ಕುಡುಗೋಲಾಗುತ್ತದೆ. ಮಂಗಳ ಎರಡು ವರ್ಷ ಎರಡು ತಿಂಗಳಿಗೊಮ್ಮೆ ಸಮೀಪ ಬರುತ್ತದೆ. ಎಲ್ಲ ಸಲವೂ ಸಮನಾಗಿಯಲ್ಲ. 2018ರ ಜುಲೈನಲ್ಲಿ ಅದು 24 ವಿಕಲೆ ಅಗಲವಾಗಿತ್ತು. 2025ರ ಜನವರಿಯಲ್ಲಿ 15ನ್ನೂ ಮುಟ್ಟಲಿಲ್ಲ.

ಈ ಕೆಲಸಕ್ಕೆ ನಮ್ಮ ಸೀಮೆ ಹೇಗೆ? ಬಹಳ ಚೆನ್ನು. ಚಳ್ಳಕೆರೆ ಮೊಳಕಾಲ್ಮೂರುಗಳು ಉತ್ತರ ಅಕ್ಷಾಂಶ 14 ಮತ್ತು 15 ಡಿಗ್ರಿಗಳ ನಡುವೆ ಇವೆ. ಚಂದ್ರನೂ ಗ್ರಹಗಳೂ ನಮ್ಮ ನೆತ್ತಿಯ ಹತ್ತಿರ ಹಾದುಹೋಗುತ್ತವೆ. ಎತ್ತರದ ಬಿಂಬದ ಬೆಳಕಿಗೆ ದಾಟಬೇಕಾದ ಗಾಳಿ ಕಡಿಮೆ. ಲಂಡನ್ನಿನ ಹವ್ಯಾಸಿ ಎಷ್ಟೋ ವರ್ಷ ಗ್ರಹಗಳನ್ನು ಹೊಗೆಕೊಳವೆಗಳ ಎತ್ತರದಲ್ಲಿ ಹುಡುಕಬೇಕು. ಮಳೆ ಕಡಿಮೆಯೆಂಬುದು ಬೇಸಾಯಕ್ಕೆ ಶಾಪವಾದರೂ ಇರುಳಿನ ಆಕಾಶಕ್ಕೆ ವರ. ಬೀದಿದೀಪವಿದೆಯೆಂದು ಪೇಟೆಯವರು ಚಿಂತಿಸಬೇಕಾಗಿಲ್ಲ. ಚಂದ್ರ ಗ್ರಹಗಳು ದೀಪಕ್ಕೆ ಮಣಿಯುವಷ್ಟು ಮಂಕಲ್ಲ. ದೀಪ ನೇರವಾಗಿ ಕಣ್ಣಿಗೂ ಕೊಳವೆಗೂ ಹೊಡೆಯದಂತೆ ಒಂದು ಕಂಬಳಿಯನ್ನು ಅಡ್ಡ ಕಟ್ಟಿದರಾಯಿತು. ಚಳ್ಳಕೆರೆಯವರಿಗೆ ಕಂಬಳಿ ಎಲ್ಲಿ ಸಿಕ್ಕುತ್ತದೆಂದು ಹೇಳಬೇಕೆ!

ತೊಂದರೆಗಳೂ ಉಂಟು. ಹಗಲೆಲ್ಲ ಕಾದ ಕಾಂಕ್ರೀಟು ತಾರಸಿ, ತಗಡಿನ ಮಾಡು, ರಾತ್ರಿ ಬಹಳ ಹೊತ್ತಿನವರೆಗೆ ಬಿಸಿಯನ್ನು ಉಗುಳುತ್ತವೆ. ತಾರಸಿಗಿಂತ ಮಣ್ಣಿನ ಅಂಗಳ ಮೇಲು. ಸಂಜೆ ನೀರು ಚಿಮುಕಿಸಿದರೆ ಇನ್ನೂ ಮೇಲು. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ದರ್ಪಣ ತಣಿಯಲು ಬಿಡಬೇಕು. ಆಷಾಢದ ಗಾಳಿ ಎದ್ದ ಮೇಲೆ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಹಬ್ಬ. ನಮ್ಮ ಮುಕ್ಕಾಲಿಗೆ ಅಲ್ಲ. ಮಳೆಗಾಲ ಹಿಂದೆಗೆದು ಆಕಾಶ ತೊಳೆದಂತಾದ ಕಾರ್ತಿಕದಿಂದ ಮಾಘದವರೆಗಿನ ರಾತ್ರಿಗಳೂ, ಬೇಸಗೆಯಲ್ಲಿ ಬೆಳಗಿನ ಜಾವಗಳೂ ಉತ್ತಮ. ಗಾಳಿಯನ್ನು ಪರೀಕ್ಷಿಸಲು ಯಂತ್ರ ಬೇಡ. ನೆತ್ತಿಯ ಮೇಲಿನ ನಕ್ಷತ್ರ ಬಹಳವಾಗಿ ಮಿನುಗುತ್ತಿದ್ದರೆ ಅಂದು ಕಣ್ಣಿಗೆ ಹಬ್ಬ, ಚಿತ್ರಕ್ಕೆ ಉಪವಾಸ. ಅದು ಸ್ಥಿರವಾಗಿ ಉರಿಯುತ್ತಿದ್ದರೆ ದೂರದರ್ಶಕವನ್ನು ಹೊರಗೆ ತನ್ನಿರಿ.

ದೊಡ್ಡ ವೇಧಶಾಲೆಗಳೂ ಚಂದ್ರನನ್ನು ಸುತ್ತುವ ನೌಕೆಗಳೂ ಇರುವಾಗ ನಮ್ಮ ಮಸುಕು ಚಿತ್ರದಿಂದ ಯಾರಿಗೆ ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಉದಾಹರಣೆ. 2009ರ ಜುಲೈ 19ರಂದು ಆಸ್ಟ್ರೇಲಿಯದ ಹಳ್ಳಿಯೊಂದರ ತಮ್ಮ ಮನೆಯ ಹಿತ್ತಿಲಿನಿಂದ ಗುರುವಿನ ಚಿತ್ರ ತೆಗೆಯುತ್ತಿದ್ದ ಆಂಥೊನಿ ವೆಸ್ಲಿ ಎಂಬ ಹವ್ಯಾಸಿ, ಹಿಂದೆ ಇಲ್ಲದಿದ್ದ ಕಪ್ಪು ಗಾಯವೊಂದನ್ನು ಕಂಡರು. ಯಾವುದೋ ಆಕಾಶಕಾಯ ಗುರುವಿಗೆ ಬಡಿದಿತ್ತು. ಅವರು ಸುದ್ದಿ ಕೊಟ್ಟ ಮೇಲೆ ದೊಡ್ಡ ದೂರದರ್ಶಕಗಳು ಅತ್ತ ತಿರುಗಿದವು. ಅವರ ದೂರದರ್ಶಕ ಹದಿನಾಲ್ಕೂವರೆ ಅಂಗುಲದ್ದು, ನಮ್ಮದಕ್ಕಿಂತ ದೊಡ್ಡದು, ನಿಜ. ಆದರೆ ಗಾಯವನ್ನು ಗುರುತಿಸಿದ್ದು ದರ್ಪಣದ ಅಗಲವಲ್ಲ. ನಿನ್ನೆ ಮೊನ್ನೆಯ ಗುರು ಹೇಗಿತ್ತೆಂಬುದನ್ನು ಬಲ್ಲ ಕಣ್ಣು. ದೊಡ್ಡ ದೂರದರ್ಶಕಗಳು ಪ್ರತಿ ರಾತ್ರಿಯೂ ಗುರುವನ್ನೇ ನೋಡುತ್ತಿರಲಾರವು. ಆ ಕಾವಲಿಗೆ ಹವ್ಯಾಸಿಗಳೇ ಬೇಕು.

ಆದುದರಿಂದ ಪ್ರತಿ ಚಿತ್ರದ ಜೊತೆಗೂ ನಾಲ್ಕು ವಿಷಯಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ: ತಾರೀಖು ಮತ್ತು ಗಂಟೆ, ಊರು, ದೂರದರ್ಶಕದ ಅಳತೆ, ಗಾಳಿಯ ಸ್ಥಿತಿ. ತಾರೀಖಿಲ್ಲದ ಚಿತ್ರ ಅಲಂಕಾರ. ತಾರೀಖುಳ್ಳ ಚಿತ್ರ ದಾಖಲೆ. ಅಶೋಕನ ಶಾಸನವನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದನು. ಎರಡು ಸಾವಿರದ ಇನ್ನೂರು ವರ್ಷ ಕಳೆದರೂ ಬರೆದವನು ಯಾರೆಂದು ನಮಗೆ ಗೊತ್ತು. ನೋಟುಪುಸ್ತಕದಲ್ಲಿ ಮಗುವಿನ ಹೆಸರನ್ನೂ ಬರೆಯಿಸಿರಿ.

ಒಂದು ಮನೆಗೆ ದೂರದರ್ಶಕದ ಬೆಲೆ ಭಾರವಾದೀತು. ಮಧ್ಯಮ ತರದ ಮೊಬೈಲ್ ಫೋನಿನಷ್ಟು ಬೆಲೆ ಅದಕ್ಕೂ ಉಂಟು. ಆದರೆ ಒಂದು ಬೀದಿಗೆ ಅದು ಭಾರವಲ್ಲ. ಒಂದು ಪ್ರೌಢಶಾಲೆಗೂ ಅಲ್ಲ. ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಧೂಳು ತಿನ್ನುವ ದೂರದರ್ಶಕವಿದ್ದರೆ ಅದನ್ನು ತಿಂಗಳಿಗೊಮ್ಮೆ, ಶುಕ್ಲಪಕ್ಷದ ಅಷ್ಟಮಿಯ ಸಂಜೆ, ಮೈದಾನಕ್ಕೆ ತರುವ ಏರ್ಪಾಡಾಗಲಿ. ಕಾವಲಿನ ಅಂಚಿನ ಹಳ್ಳಿಗಳ ಮಕ್ಕಳನ್ನೂ ಕರೆಯಿರಿ. ಕುರಿಮಂದೆಯ ಬಳಿ ಇರುಳು ಕಳೆಯುವವರಿಗೆ, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೆ, ಚಂದ್ರನ ಏರಿಳಿತ ನಮಗಿಂತ ಚೆನ್ನಾಗಿ ಗೊತ್ತು. ಅವರಿಂದ ಕೇಳಿ ಕಲಿಯುವುದೂ ಇದೆ.

ಮುಂದಿನ ಷಷ್ಠಿ ಯಾವತ್ತೆಂದು ಈ ರಾತ್ರಿಯೇ ಕ್ಯಾಲೆಂಡರಿನಲ್ಲಿ ನೋಡಿ ಗುರುತು ಹಾಕಿಕೊಳ್ಳಿರಿ. ದೂರದರ್ಶಕ ಇಲ್ಲದವರು ಬರಿಗಣ್ಣಿನಿಂದಲೇ ಆರಂಭಿಸಬಹುದು. ದಕ್ಷಿಣದ ಕೊಂಬು ಯಾವುದೆಂದು ಮನೆಯವರಿಗೆ ತೋರಿಸಿದರೂ ಆ ಸಂಜೆ ಸಾರ್ಥಕ.